ಆಯುಕ್ತರಿಗೆ ಶಾಲು ಸಾಕೇ?

ಕಲಬುರಗಿಯಲ್ಲಿ ಆಯುಕ್ತರಿಗೆ ಬರವಿಲ್ಲ. ಮಹಾನಗರ ಪಾಲಿಕೆಗೊಬ್ಬರು, ಪೊಲೀಸಿಗೊಬ್ಬರು, ವಿಭಾಗಕ್ಕೆ ಪ್ರಾದೇಶಿಕ ಆಯುಕ್ತರು, ಶಾಲೆಗಳಿಗೆ ಅಪರ ಆಯುಕ್ತರು. ಅವರಿಗೆ ಕಚೇರಿಯಿದೆ, ಕಾರಿದೆ, ಸಂಬಳವಿದೆ. ಕುರ್ಚಿ ಏರುವ ಮೊದಲು ಮಸ್ಸೂರಿಯಲ್ಲೋ ಹೈದರಾಬಾದಿನಲ್ಲೋ ಮೈಸೂರಿನಲ್ಲೋ ತಿಂಗಳುಗಟ್ಟಲೆ ತರಬೇತಿಯೂ ಆಗಿರುತ್ತದೆ. ಇದೇ ಊರಿನಲ್ಲಿ ಇನ್ನೊಂದು ಬಗೆಯ ಆಯುಕ್ತರಿದ್ದಾರೆ. ಅವರು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯವರು. ಸಂಬಳವಿಲ್ಲ, ಕಾರಿಲ್ಲ, ಸಮವಸ್ತ್ರವನ್ನೂ ಸ್ವಂತ ರೊಕ್ಕದಲ್ಲಿ ಹೊಲಿಸಿಕೊಂಡವರು. ನಿವೃತ್ತ ಮಾಸ್ತರನಾದ ನಾನೂ ಅವರಲ್ಲೊಬ್ಬ.

ನನ್ನನ್ನು ನೇಮಿಸಿದ ದಿನ ಒಂದು ಶಾಲು, ಒಂದು ಹಾರ, ಒಂದು ತೆಂಗಿನಕಾಯಿ ಕೊಟ್ಟರು. ಏನು ಕೆಲಸ ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಮೊದಲ ಭೇಟಿಗೆ ಕಮಲಾಪುರದ ಕಡೆಯ ಒಂದು ಶಾಲೆಗೆ ಹೋದೆ. ಮಕ್ಕಳು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು, ಮುಖ್ಯಗುರುಗಳು ಚಹಾ ತರಿಸಿದರು, ದಳದ ಲಾಗ್ ಪುಸ್ತಕ ಮುಂದೆ ಬಂತು. ‘ಉತ್ತಮ’ ಎಂದು ಬರೆದು ಸಹಿ ಹಾಕಿ ಬಂದೆ. ದಳ ನಡೆಸುತ್ತಿದ್ದ ಸ್ಕೌಟ್ ಮಾಸ್ತರರು ವರ್ಗವಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ನನ್ನ ಎದುರು ನಿಂತವರು ಆ ದಿನದ ಮಟ್ಟಿಗೆ ಸ್ಕಾರ್ಫ್ ಕಟ್ಟಿಕೊಂಡ ಬೇರೆ ಗುರುಗಳು. ನಾನು ಕೇಳಲಿಲ್ಲ, ಕೇಳಬೇಕೆಂಬುದೂ ಗೊತ್ತಿರಲಿಲ್ಲ. ಮರುವರ್ಷದ ನೋಂದಣಿಯಲ್ಲಿ ಆ ದಳದ ಹೆಸರೇ ಇರಲಿಲ್ಲ.

ಆಮೇಲೆ ನಾವು ನಾಲ್ಕಾರು ಜನ ಸೇರಿ ಒಂದು ಬೇಡಿಕೆ ಮುಂದಿಟ್ಟೆವು. ಹೊಸದಾಗಿ ನೇಮಕವಾಗುವ ಪ್ರತಿಯೊಬ್ಬ ಸ್ವಯಂಸೇವಕ ಆಯುಕ್ತರಿಗೂ ವರ್ಷದೊಳಗೆ ತರಬೇತಿ ಆಗಬೇಕು. ಅದು ಇಲ್ಲೇ, ಒಂದಿಷ್ಟು ಕಲಬುರಗಿಯಲ್ಲಿ, ಒಂದಿಷ್ಟು ಕಮಲಾಪುರದಂಥ ತಾಲ್ಲೂಕಿನಲ್ಲಿ ನಡೆಯಬೇಕು. ಮೊದಲ ವರ್ಷ ಅನುಭವಿ ಆಯುಕ್ತರೊಬ್ಬರು ಜೊತೆಗಿರಬೇಕು. ಶಾಲಾ ಭೇಟಿಯ ಬಸ್ ಚಾರ್ಜು ಕೊಡಬೇಕು. ಇಷ್ಟೇ. ಇದಕ್ಕೆ ಬಂದ ಆಕ್ಷೇಪಗಳು ಎಷ್ಟೆಂದರೆ ಬೇಡಿಕೆಗಿಂತ ಅವೇ ಉದ್ದ. ಸಭೆಯಲ್ಲಿ ಕೆಲವು, ಸ್ಟಾಫ್ ರೂಮಿನಲ್ಲಿ ಕೆಲವು, ಸೂಪರ್ ಮಾರ್ಕೆಟಿನ ಚಹಾದ ಅಂಗಡಿಯಲ್ಲಿ ಉಳಿದವು. ಆಡಿದವರೆಲ್ಲ ನನಗೆ ಬೇಕಾದವರೇ. ಆದ್ದರಿಂದ ಹೆಸರು ಹೇಳದೆ, ಮಾತಿಗಷ್ಟೇ ಉತ್ತರ ಕೊಡುತ್ತೇನೆ.

ಮೊದಲನೆಯ ಮಾತು ಹಿರಿಯರೊಬ್ಬರದು. “ಸರ, ಇದು ಗೌರವ ಹುದ್ದೆ. ಊರಾಗ ಮರ್ಯಾದಿ ಇದ್ದವರನ್ನ ಕರದು ಕೂಡಸ್ತೀವಿ. ಅವರಿಗೆ ಗಂಟು ಹಾಕೂದು ಕಲಸಾಕ ಹೋದ್ರ ನಾಳೆ ಯಾರೂ ಬರಾಂಗಿಲ್ಲ.”

ಇದರಲ್ಲಿ ಅರ್ಧ ಸತ್ಯವಿದೆ. ಮರ್ಯಾದೆ ಇದ್ದವರು ಬೇಕು. ಶಾಲೆಯ ಆಡಳಿತ ಮಂಡಳಿಯ ಬಾಗಿಲು ತೆರೆಯುವುದು ಅವರಿಗೇ. ಆದರೆ ಆಯುಕ್ತರು ಕಲಿಯಬೇಕಾದದ್ದು ಗಂಟು ಹಾಕುವುದನ್ನಲ್ಲ. ರೀಫ್ ನಾಟ್, ಕ್ಲೋವ್ ಹಿಚ್ ಎಲ್ಲ ಹತ್ತು ವರ್ಷದ ಹುಡುಗನಿಗೆ ನಮಗಿಂತ ಚೆನ್ನಾಗಿ ಬರುತ್ತವೆ. ಆಯುಕ್ತರು ಕಲಿಯಬೇಕಾದದ್ದು ದಳವನ್ನು ನೋಡುವ ಕಣ್ಣು. ಈ ವಾರ ದಳ ಸೇರಿತ್ತೇ? ಪೆಟ್ರೋಲ್ ಎಂಬ ಪುಟ್ಟ ತಂಡದ ಲೀಡರ್ ಹುಡುಗ ತಾನೇ ಮಾತಾಡುತ್ತಾನೋ, ಮಾಸ್ತರರ ಮುಖ ನೋಡುತ್ತಾನೋ? ಪ್ರಥಮ ಸೋಪಾನ ಮುಗಿಸಿದವರು ದ್ವಿತೀಯಕ್ಕೆ ಹೋಗದೆ ಎರಡು ವರ್ಷ ಅಲ್ಲೇ ಯಾಕೆ ನಿಂತಿದ್ದಾರೆ? ರಾಜ್ಯ ಪುರಸ್ಕಾರಕ್ಕೆ ಕಳಿಸಿದ ಅರ್ಜಿಯಲ್ಲಿ ಬರೆದದ್ದೆಲ್ಲ ಮಗು ನಿಜವಾಗಿ ಮಾಡಿದ್ದೇ? ಗುರುಗಳು ವರ್ಗವಾದರೆ ಮುಂದೆ ಯಾರು? ಇವನ್ನೆಲ್ಲ ಮುಖಕ್ಕೆ ಹೊಡೆದಂತೆ ಕೇಳಿದರೆ ತಪಾಸಣೆಯಾಗುತ್ತದೆ, ಕೇಳದೇ ಬಂದರೆ ಚಹಾಕೂಟ. ನಡುವಿನ ಹಾದಿಯನ್ನು ಕಲಿಯಬೇಕು. ಹುಟ್ಟಿನಿಂದ ಯಾರಿಗೂ ಅದು ಬಂದಿರುವುದಿಲ್ಲ.

ಸ್ಕೌಟ್ ಚಳವಳಿ ಶುರುವಾದದ್ದೇ ದೊಡ್ಡವರ ಕೊರತೆಯಿಂದ ಎನ್ನಬಹುದು. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರನ್ನು ಕಟ್ಟಿಕೊಂಡು ಶಿಬಿರ ನಡೆಸಿದರು, ಮರುವರ್ಷ ಅವರ ಪುಸ್ತಕ ಬಂತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ದಳ ಕಟ್ಟಿಕೊಂಡು, ಆಮೇಲೆ ನಡೆಸುವ ದೊಡ್ಡವರನ್ನು ಹುಡುಕಿಕೊಂಡು ಹೊರಟರು. ನಮ್ಮ ಬೆಂಗಳೂರಿಗೆ 1909ರಲ್ಲೇ ದಳ ಬಂತು. ಸಿಕ್ಕ ದೊಡ್ಡವರಿಗೆಲ್ಲ ಮನಸ್ಸಿತ್ತು, ದಾರಿ ಗೊತ್ತಿರಲಿಲ್ಲ. ಅದಕ್ಕೇ 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್‌ನಲ್ಲಿ ದೊಡ್ಡವರ ತರಬೇತಿ ಆರಂಭವಾಯಿತು. ಇವತ್ತು ನಮ್ಮ ಹಿರಿಯರು ಕೊರಳಲ್ಲಿ ಹೆಮ್ಮೆಯಿಂದ ಹಾಕಿಕೊಳ್ಳುವ ವುಡ್ ಬ್ಯಾಡ್ಜ್ ಮಣಿಗಳು ಅಲ್ಲಿಂದ ಬಂದವು. ಆ ಮಣಿ ಹಾಕಿಕೊಂಡವರೇ ‘ತರಬೇತಿ ಯಾಕೆ’ ಎಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ‘ಮರ್ಯಾದಸ್ಥರು ಬರುವುದಿಲ್ಲ’ ಎಂಬ ಭಯ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ 1950ರ ನವೆಂಬರ್ 7ರಂದು ಹುಟ್ಟಿದಾಗ ಅದರ ಮೊದಲ ರಾಷ್ಟ್ರೀಯ ಆಯುಕ್ತರಾದವರು ಪಂಡಿತ ಹೃದಯನಾಥ ಕುಂಜ್ರು. ಸಂವಿಧಾನ ಸಭೆಯಲ್ಲಿ ಕುಳಿತವರು. ಅವರಿಗಿಂತ ದೊಡ್ಡ ಮರ್ಯಾದಸ್ಥರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅವರು ಬಂದದ್ದು ಶಾಲು ಹೊದ್ದು ಕೂಡಲಿಕ್ಕಲ್ಲ. ಮದನಮೋಹನ ಮಾಲವೀಯ, ಶ್ರೀರಾಮ ಬಾಜಪೇಯಿ ಅವರೊಡನೆ ಅಲಹಾಬಾದಿನಲ್ಲಿ ಸೇವಾ ಸಮಿತಿ ಸ್ಕೌಟ್ ಸಂಸ್ಥೆ ಕಟ್ಟಿ, ಹುಡುಗರೊಂದಿಗೆ ದಶಕಗಳ ಕಾಲ ದುಡಿದು, ಆಮೇಲೆ ಆಯುಕ್ತರಾದವರು.

ಎರಡನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡಿದ್ದು: “ಸೇವಾ ಅಂದಮ್ಯಾಲ ಲೆಕ್ಕ ಕೇಳಬಾರದು. ಬಸ್ ಚಾರ್ಜಿಗೆ ಕೈ ಒಡ್ಡಿದ್ರ ಅದು ಸೇವಾ ಹ್ಯಾಂಗಾಯ್ತು?”

ಈ ಮಾತು ಹೇಳಿದವರ ಮನೆ ಮುಂದೆ ಎರಡು ವಾಹನ ನಿಂತಿರುತ್ತವೆ. ಅದು ತಪ್ಪಲ್ಲ. ಆದರೆ ಸೇವೆಗೆ ಖರ್ಚಿಲ್ಲ ಎಂದು ಖರ್ಚು ಮಾಡಬಲ್ಲವರು ಹೇಳುವಾಗ, ಸೇವೆ ಉಳ್ಳವರ ಸೊತ್ತಾಗಿಬಿಡುತ್ತದೆ. ಶರಣರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕೇ? ಕಾಯಕದ ಮಾತು ಬಂದ ಕಡೆ ದಾಸೋಹದ ಮಾತೂ ಬಂದಿತ್ತು; ದುಡಿಯುವವನು ಹಸಿದಿರಲಿ ಎಂದು ಅವರಾರೂ ಹೇಳಲಿಲ್ಲ.

ಲೆಕ್ಕ ನೋಡೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಮೂವತ್ತೈದು, ನಲವತ್ತು ಕಿಲೋಮೀಟರ್. ಹೆದ್ದಾರಿಯ ಮೇಲೆ ಬಸ್ಸಿಗೆ ಕೊರತೆಯಿಲ್ಲ, ಕುರಿಕೋಟಾ ಸೇತುವೆ ದಾಟಿ ಹೋಗಿಬಿಡಬಹುದು. ಕಷ್ಟ ಶುರುವಾಗುವುದು ಅಲ್ಲಿಂದ ಒಳಗೆ, ಹೆದ್ದಾರಿ ಬಿಟ್ಟ ಹಳ್ಳಿಗಳಿಗೂ ತಾಂಡಾಗಳಿಗೂ. ಮಧ್ಯಾಹ್ನದ ಬಸ್ಸು ತಪ್ಪಿದರೆ ಟಂಟಂ, ಟಂಟಂ ಇಲ್ಲದಿದ್ದರೆ ಯಾರದೋ ಬೈಕಿನ ಹಿಂಬದಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಒಂದು ವಿಚಿತ್ರವಾಗಿದೆ. ಗೈಡ್ ವಿಭಾಗದ ಅಕ್ಕಂದಿರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅಂದಿನಿಂದ ಅವರ ಭೇಟಿಗಳೇ ಹೆಚ್ಚಾಗಿವೆಯೆಂದು ನನಗೆ ಅನ್ನಿಸುತ್ತದೆ; ಲೆಕ್ಕ ಇಟ್ಟಿಲ್ಲ, ಕಣ್ಣಿಗೆ ಕಂಡದ್ದು. ಬಸ್ ಚಾರ್ಜು ಹೋದ ಮಾತ್ರಕ್ಕೆ ಅವರ ಸೇವಾಭಾವ ಕಡಿಮೆಯಾಯಿತೆಂದು ಯಾರಾದರೂ ಹೇಳಿದ್ದಾರೆಯೇ? ಇತ್ತ ಸ್ಕೌಟ್ ವಿಭಾಗದ ತಮಾಷೆ ಏನೆಂದರೆ, ಪ್ರತಿ ದಳದಲ್ಲೂ ಪೆಟ್ರೋಲ್ ಇವೆ, ಆಯುಕ್ತರ ಬೈಕಿಗೆ ಮಾತ್ರ ಪೆಟ್ರೋಲ್ ಇಲ್ಲ.

ರೊಕ್ಕ ಎಲ್ಲಿಂದ ಎಂದೂ ಕೇಳಿದರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗಿದೆ. ರಸ್ತೆಗೆ, ಕಟ್ಟಡಕ್ಕೆ, ಆವರಣ ಗೋಡೆಗೆ ಅದು ಬೇಕೇ ಬೇಕು. ಆ ಗೋಡೆಯೊಳಗಿನ ಮಕ್ಕಳ ಹತ್ತಿರ ಹೋಗಿಬರುವವರ ಬಸ್ ಚಾರ್ಜು ಕೇಳಿದರೆ ನಗಬಾರದು. ಮಂಡಳಿ ಒಲ್ಲೆ ಎಂದರೆ ನಮ್ಮ ಸಂಸ್ಥೆಯೇ ವರ್ಷದ ಒಂದು ಸನ್ಮಾನ ಸಮಾರಂಭ ಬಿಟ್ಟುಕೊಡಲಿ. ಶಾಲು, ಹಾರ, ಶಾಮಿಯಾನ, ಊಟದ ಖರ್ಚಿನಲ್ಲಿ ಕಮಲಾಪುರಕ್ಕೆ ಎಷ್ಟು ಸಲ ಹೋಗಿಬರಬಹುದೆಂದು ಖಜಾಂಚಿಯವರು ಹೇಳಲಿ, ನಾನು ಹೇಳುವುದಿಲ್ಲ.

“ತರಬೇತಿ ಈಗಾಗಲೇ ಇದೆಯಲ್ಲ, ದೊಡ್ಡಬಳ್ಳಾಪುರಕ್ಕೆ ಹೋಗಿ.” ಇದು ಮೂರನೆಯದು. ಇದೆ, ಒಪ್ಪಿದೆ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿದೆ, ದಾವಣಗೆರೆಯ ಬಳಿ ಕೊಂಡಜ್ಜಿಯಿದೆ, ಇನ್ನೂ ಮೇಲಕ್ಕೆ ಹೋಗುವವರಿಗೆ ಮಧ್ಯಪ್ರದೇಶದ ಪಚ್‌ಮಡಿಯಿದೆ. ಒಳ್ಳೆಯ ಜಾಗಗಳು. ರಾಜ್ಯದ ಈ ಎರಡೂ ಕೇಂದ್ರಗಳು ತುಂಗಭದ್ರೆಯ ಆಚೆಗಿವೆ ಎಂಬುದಷ್ಟೇ ನಮ್ಮ ಸಂಕಟ. ಕಲಬುರಗಿಯಲ್ಲಿ ಸಂಜೆ ರೈಲು ಹತ್ತಿ, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಶಿಬಿರ ಮುಗಿಸಿ ಬರುವ ಹೊತ್ತಿಗೆ ವಾರ ಕಳೆಯುತ್ತದೆ. ಕಮಲಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟವರು, ತೊಗರಿ ರಾಶಿಗೆ ಕಾಯುವವರು, ಕೆಂಪು ಬಾಳೆಯ ತೋಟ ನೋಡುವವರು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿರುವ ನಿವೃತ್ತ ಶಿಕ್ಷಕಿ, ಇವರು ವಾರ ಎಲ್ಲಿಂದ ತರಬೇಕು? ಅಷ್ಟೂ ಹೊಂದಿಸಿಕೊಂಡು ಹೋದವರು ಕಲಿತು ಬರುವುದಾದರೂ ಬೆಂಗಳೂರಿನ ಹವೆಯ ಶಿಬಿರ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರವೇ ನಮ್ಮ ಭಾಗದ ಕಚೇರಿಗಳನ್ನು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚಿಸುತ್ತದೆ. ಆ ಬಿಸಿಲಿನಲ್ಲಿ ಮಕ್ಕಳನ್ನು ಎಷ್ಟು ಹೊತ್ತು ಮೈದಾನದಲ್ಲಿ ನಿಲ್ಲಿಸಬಹುದು, ನೀರು ಎಷ್ಟು ಬೇಕು, ಶಿಬಿರಕ್ಕೆ ಯಾವ ತಿಂಗಳಲ್ಲಿ ಒಪ್ಪಿಗೆ ಕೊಡಬಾರದು ಎಂಬುದನ್ನು ಇಲ್ಲೇ ಕಲಿಯಬೇಕು. 2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ವಿಶ್ವ ಜಾಂಬೂರಿಗೆ ಸುಮಾರು 43,000 ಜನ ಸೇರಿದ್ದರು. ಬಿಸಿಲಿಗೆ ಮಕ್ಕಳು ಕುಸಿದು ಬಿದ್ದರು. ಬ್ರಿಟನ್, ಅಮೆರಿಕ, ಸಿಂಗಪುರದ ತಂಡಗಳು ನಡುವೆಯೇ ಜಾಗ ಖಾಲಿ ಮಾಡಿದವು. ಅಷ್ಟು ಶ್ರೀಮಂತ ದೇಶದಲ್ಲೇ ಹಾಗಾದರೆ, ನಮ್ಮಲ್ಲಿ ಒಂದು ಶಾಮಿಯಾನ, ಎರಡು ಕೊಡ ನೀರು ನಂಬಿಕೊಂಡು ಸಹಿ ಹಾಕುವವರ ಕೈ ನಡುಗಬೇಕು.

ಇದಕ್ಕೆ ಒಬ್ಬರು ಮೂಡುಬಿದಿರೆಯನ್ನು ತೋರಿಸಿದರು. 2022ರ ಡಿಸೆಂಬರಿನಲ್ಲಿ ಅಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಭರ್ಜರಿಯಾಗಿ ಆಯಿತಲ್ಲ, ನಮ್ಮ ಸಂಸ್ಥೆಗೆ ಏನು ಕಡಿಮೆ? ಏನೂ ಕಡಿಮೆಯಿಲ್ಲ. ಆದರೆ ಅದು ಒಂದು ವಾರದ ಜಾತ್ರೆ. ನಾನು ಮಾತಾಡುತ್ತಿರುವುದು ಜಾತ್ರೆ ಮುಗಿದ ಮೇಲಿನ ಐವತ್ತೊಂದು ವಾರಗಳ ಬಗ್ಗೆ.

ನಾಲ್ಕನೆಯ ಮಾತು ಶಿಕ್ಷಣ ಇಲಾಖೆಯ ಹತ್ತಿರದವರದು. “ಸಾಹೇಬರದಾರ, ಸುತ್ತೋಲೆ ಅದ. ಪ್ರತಿ ಶಾಲೆಯಾಗ ದಳ ಇರಬೇಕಂತ ಒಂದು ಆರ್ಡರ್ ಹಾಕಿದ್ರ ಮುಗೀತು. ನಿಮ್ಮ ಆಯುಕ್ತರು ಯಾಕ ಬೇಕು?”

ಸುತ್ತೋಲೆಯಿಂದ ದಳ ಹುಟ್ಟುತ್ತದೆ, ನಿಜ. ಸುತ್ತೋಲೆಗೆ ಉತ್ತರ ಕಳಿಸಿದ ಮರುದಿನ ಸಾಯುತ್ತದೆ, ಅದೂ ನಿಜ. ಅಧಿಕಾರಿ ಬಂದಾಗ ಶಿಕ್ಷಕರು ತೋರಿಸುವುದು ತಮಗೆ ಬರುವುದನ್ನು. ಬಾರದ್ದನ್ನು ಅಧಿಕಾರಿಯ ಮುಂದೆ ಯಾರು ಹೇಳುತ್ತಾರೆ? ಹುಡುಗಿಯರ ದಳಕ್ಕೆ ಗೈಡ್ ಕ್ಯಾಪ್ಟನ್ ಆಗಿ ಹೊಸದಾಗಿ ಬಂದ ಯುವ ಶಿಕ್ಷಕಿಯೊಬ್ಬಳು ನನಗೆ ಒಮ್ಮೆ ಅಂದಳು, “ಸರ್, ನನಗ ಪ್ರಾರ್ಥನಾ ಗೀತೆ ಬಿಟ್ರ ಏನೂ ಬರಂಗಿಲ್ಲ. ಮಕ್ಕಳು ನಕ್ಕಾರಂತ ದಳ ಕರೆಯಾಂಗೇ ಇಲ್ಲ.” ಈ ಮಾತನ್ನು ಅವಳು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಹೇಳುತ್ತಿದ್ದಳೇ? ಅವರು ಎಷ್ಟೇ ಒಳ್ಳೆಯವರಿದ್ದರೂ ಅವಳ ರಜೆ, ವರ್ಗಾವಣೆ, ವೇತನ ಬಡ್ತಿ ಎಲ್ಲ ಆ ಕಚೇರಿಯಲ್ಲಿವೆ. ನನ್ನ ಕೈಯಲ್ಲಿ ಅವಳದೇನೂ ಇಲ್ಲ. ಅದಕ್ಕೇ ಹೇಳಿದಳು. ಆಯುಕ್ತರು ಸ್ವಯಂಸೇವಕರಾಗಿರುವುದರ ಲಾಭವೇ ಇದು: ‘ನನಗೆ ಬರುವುದಿಲ್ಲ’ ಎಂದು ಭಯವಿಲ್ಲದೆ ಹೇಳಿಕೊಳ್ಳಲು ಸಿಗುವ ಒಬ್ಬ ಹಿರಿಯ ಮನುಷ್ಯ. ಆದರೆ ಕೇಳಿಸಿಕೊಂಡ ಮೇಲೆ ಏನು ಮಾಡಬೇಕು ಎಂಬುದು ಆ ಹಿರಿಯನಿಗೂ ಗೊತ್ತಿರಬೇಕಲ್ಲ? ಅಮೆರಿಕದಲ್ಲಿ ಸ್ಕೌಟ್ ನಾಯಕರು ತಿಂಗಳಿಗೊಮ್ಮೆ ‘ರೌಂಡ್‌ಟೇಬಲ್’ ಎಂದು ಸೇರಿ ಆಯುಕ್ತರ ಜೊತೆ ಕೂಡುತ್ತಾರೆ. ಬಹಳ ಹಿಂದಿನಿಂದ ನಡೆದುಬಂದ ರೂಢಿ. ನಮಗೆ ಮೇಜೂ ಬೇಡ. ಕಮಲಾಪುರದ ಯಾವುದಾದರೂ ಶಾಲೆಯ ಬೇವಿನ ಮರ ಸಾಕು.

ಕಮಲಾಪುರವನ್ನೇ ಯಾಕೆ ಹಿಡಿದುಕೊಂಡಿದ್ದೀರಿ ಎಂದೂ ಕೇಳುತ್ತಾರೆ. 2018ರ ತನಕ ಅದು ಕಲಬುರಗಿ ತಾಲ್ಲೂಕಿನ ಬಾಲ. ಈಗ ಸ್ವಂತ ತಾಲ್ಲೂಕು. ತಹಸೀಲ್ದಾರರು ಬಂದರು, ಫಲಕ ಬಂತು. ನಕ್ಷೆಯಲ್ಲಿ ಗೆರೆ ಎಳೆದರೆ ದಳಗಳನ್ನು ನೋಡಿಕೊಳ್ಳುವ ಮನುಷ್ಯರು ತಾವಾಗಿ ಹುಟ್ಟುವುದಿಲ್ಲ. ನಗರದಲ್ಲಾದರೆ ಒಬ್ಬ ಆಯುಕ್ತ ಸುಮ್ಮನಿದ್ದರೂ ಪಕ್ಕದ ಬಡಾವಣೆಯ ಹಳೆಯ ಸ್ಕೌಟ್ ಮಾಸ್ತರರು ಬಂದು ದಳ ಎತ್ತಿ ನಿಲ್ಲಿಸಿಯಾರು. ತಾಂಡಾದ ಶಾಲೆಗೆ ಅಂಥ ಪಕ್ಕದ ಬಡಾವಣೆ ಇಲ್ಲ.

ಐದನೆಯದು ಬಿಸಿಯಾದ ಮಾತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ. 42.43ರೊಂದಿಗೆ ರಾಜ್ಯದಲ್ಲೇ ಕೊನೆ. “ಪಾಸಾಗಾಕ ಬರದ ಮಕ್ಕಳಿಗೆ ಸ್ಕಾರ್ಫ್ ಯಾಕ?” ಎಂದು ಗಣಿತದ ಮಾಸ್ತರರೊಬ್ಬರು ಕೇಳಿದರು. ಸಿಟ್ಟಿನಿಂದ ಕೇಳಿದರು, ಆ ಸಿಟ್ಟು ನನಗೂ ಇದೆ.

ಸ್ಕೌಟಿನಿಂದ ಅಂಕ ಹೆಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಅಂಥ ಮಾತು ಭಾಷಣಕ್ಕೆ ಚೆಂದ. ನಾನು ಹೇಳುವುದು ಬೇರೆ. ಆ ಮಾಸ್ತರರ ನಿಜವಾದ ದೂರು ಸ್ಕಾರ್ಫಿನ ಮೇಲಲ್ಲ. ಫೆಬ್ರುವರಿಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ, ಯಾರೋ ಗಣ್ಯರು ಬರುತ್ತಾರೆಂದು ಹತ್ತನೆಯ ತರಗತಿಯ ಮಕ್ಕಳನ್ನು ಬ್ಯಾಂಡ್ ಸಮೇತ ಎರಡು ತಾಸು ರಸ್ತೆಯ ಬದಿ ನಿಲ್ಲಿಸಿದ್ದರ ಮೇಲೆ. ಅದು ಸ್ಕೌಟಿಂಗೇ ಅಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ನೀರು ಕೊಡುವುದು, ಬಂದೇ ನವಾಜರ ಉರುಸಿನಲ್ಲಿ ತಪ್ಪಿಸಿಕೊಂಡ ಮಗುವನ್ನು ತಾಯಿಯ ಹತ್ತಿರ ತಲುಪಿಸುವುದು ಸೇವೆ. ಗಣ್ಯರ ಕಾರಿಗೆ ಸೆಲ್ಯೂಟ್ ಹೊಡೆಯುವುದು ಅಲಂಕಾರ. ಈ ವ್ಯತ್ಯಾಸ ತಿಳಿದು, ‘ಮಕ್ಕಳನ್ನು ಕಳಿಸುವುದಿಲ್ಲ’ ಎಂದು ಮೇಲಿನವರಿಗೆ ಹೇಳಬೇಕಾದವರು ಆಯುಕ್ತರು. ನಿಯಮ ಗೊತ್ತಿಲ್ಲದ ಆಯುಕ್ತರಿಗೆ ಇಲ್ಲ ಎನ್ನುವ ಧೈರ್ಯ ಬರುವುದಿಲ್ಲ, ಹೂಂ ಅಂದುಬಿಡುತ್ತಾರೆ. ನಾನೂ ಅಂದಿದ್ದೇನೆ. ಹಾಗಾಗಿ ಗಣಿತದ ಮಾಸ್ತರರು ನಮ್ಮ ಬೇಡಿಕೆಗೆ ಮೊದಲ ಸಹಿ ಹಾಕಬೇಕಾದವರು.

ಆರನೆಯ ಆಕ್ಷೇಪವನ್ನು ಯಾರೂ ಬಾಯಿ ಬಿಟ್ಟು ಆಡಲಿಲ್ಲ, ಮುಖದಲ್ಲಿ ಕಾಣಿಸಿತು. ತರಬೇತಿಯ ಪಟ್ಟಿಯಲ್ಲಿ ಮಕ್ಕಳ ರಕ್ಷಣೆ, ಪೋಕ್ಸೊ ಕಾಯ್ದೆ ಎಂದು ಬರೆದಾಗ, ‘ನಮ್ಮಲ್ಲಿ ಅಂಥದ್ದು ಇಲ್ಲ’ ಎಂಬ ಮೌನ. ಅಮೆರಿಕದ ಸ್ಕೌಟ್ ಸಂಸ್ಥೆಯಲ್ಲೂ ದಶಕಗಳ ಕಾಲ ಅದೇ ಮೌನವಿತ್ತು. 2020ರಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಚಿಕ್ಕಂದಿನಲ್ಲಿ ದೌರ್ಜನ್ಯ ಆಯಿತೆಂದು ಮುಂದೆ ಬಂದವರು 80,000ಕ್ಕೂ ಹೆಚ್ಚು. ನಮ್ಮ 2012ರ ಕಾಯ್ದೆ ಸ್ಪಷ್ಟವಾಗಿದೆ: ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಒಬ್ಬ ಗೈಡ್ ಕ್ಯಾಪ್ಟನ್ ಒಂದು ರಾತ್ರಿ ನನಗೆ ಫೋನ್ ಮಾಡಿ, “ಒಂದು ಮಗು ಹಿಂಗ ಹೇಳಾಕತ್ತದ, ಏನ್ ಮಾಡ್ಲಿ ಸರ್?” ಎಂದರು. ನಾನು “ನಾಳೆ ಹಿರಿಯರನ್ನ ಕೇಳಿ ಹೇಳ್ತೀನಿ ತಂಗಿ” ಅಂದೆ. ಮರುದಿನ ನಾನು ಫೋನ್ ಮಾಡುವ ಹೊತ್ತಿಗೆ ಅವರೇ 1098ಕ್ಕೆ ಕರೆ ಮಾಡಿ ಆಗಿತ್ತು. ಈ ಪಟ್ಟಿಯಿಂದ ಯಾವ ಪಾಠ ತೆಗೆದರೂ ಅದೊಂದನ್ನು ತೆಗೆಯಲು ನಾನು ಬಿಡುವುದಿಲ್ಲ.

ಸ್ಕೌಟ್ ಮಾಸ್ತರರಿಗೇ ಬೇಸಿಕ್, ಅಡ್ವಾನ್ಸ್ಡ್ ಕೋರ್ಸು ಸರಿಯಾಗಿ ಆಗಿಲ್ಲ, ಮೊದಲು ಅವರದಾಗಲಿ ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲ ಎಂದು ತಿರುಗಾಡಿ ಪಟ್ಟಿ ಮಾಡುವವರು ಆಯುಕ್ತರೇ.

ವಿರೋಧಿಗಳು ಹೇಳಿದ್ದರಲ್ಲಿ ಒಂದಕ್ಕೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಯುವ ಶಿಕ್ಷಕರೊಬ್ಬರು ಅಂದರು: “ಸರ್, ತರಬೇತಿ ಅಂದ್ರ ನಿಮಗ ಗೊತ್ತದಲ್ಲ. ಉದ್ಘಾಟನೆ ಎರಡು ತಾಸು, ಉಪದೇಶ ನಾಲ್ಕು ತಾಸು, ಊಟ, ಸರ್ಟಿಫಿಕೇಟ್, ಗ್ರೂಪ್ ಫೋಟೋ.” ಹೌದು, ನಾನೂ ಅಂಥ ಎಷ್ಟೋ ಫೋಟೋಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದೇನೆ. ನಮ್ಮದೂ ಹಾಗಾಗುವ ಅಪಾಯವಿದೆ. ಅದಕ್ಕಾಗಿ ಬೇಡಿಕೆಯನ್ನು ಸ್ವಲ್ಪ ತಿದ್ದಿದ್ದೇವೆ. ಉದ್ಘಾಟನೆ ಇಲ್ಲ, ಬ್ಯಾನರ್ ಇಲ್ಲ. ಕಲಬುರಗಿಯಲ್ಲಿ ಒಂದು ದಿನ ನಿಯಮ, ನೋಂದಣಿ, ಮಕ್ಕಳ ರಕ್ಷಣೆ, ಶಿಬಿರದ ಒಪ್ಪಿಗೆ. ಎರಡನೆಯ ದಿನ ಯಾವ ಹಾಲಿನಲ್ಲೂ ಕೂಡುವುದಿಲ್ಲ. ಇಬ್ಬಿಬ್ಬರಂತೆ ಕಮಲಾಪುರ ತಾಲ್ಲೂಕಿನ ಶಾಲೆಗಳಿಗೆ ಹೋಗಿ ದಳ ಸೇರುವುದನ್ನು ನೋಡಿ, ಮಾಸ್ತರರ ಜೊತೆ ಕುಳಿತು ಕೇಳಿ, ಸಂಜೆ ಬಂದು ನೋಡಿದ್ದನ್ನು ಒಬ್ಬರಿಗೊಬ್ಬರು ಹೇಳುವುದು. ಸರ್ಟಿಫಿಕೇಟು ಆರು ತಿಂಗಳ ನಂತರ, ಅದೇ ಶಾಲೆಗೆ ಕನಿಷ್ಠ ಮೂರು ಸಲ ಹೋಗಿಬಂದ ಮೇಲೆ. ಇದೂ ಕೆಡಬಹುದು. ಕೆಟ್ಟರೆ ಆ ಯುವ ಶಿಕ್ಷಕರೇ ಎದ್ದು ನಿಂತು ಹೇಳಲೆಂದು ಅವರನ್ನೇ ಸಮಿತಿಗೆ ಸೇರಿಸಿದ್ದೇವೆ. ಪಾಪ, ಅವರು ಅದನ್ನು ನಿರೀಕ್ಷಿಸಿರಲಿಲ್ಲ.

‘ಗೌರವ ಹುದ್ದೆ’ ಎಂದ ಹಿರಿಯರಿಗೂ ಒಂದು ಕರೆಯಿದೆ. ಶಾಲೆ ಶುರುವಾದ ಮೇಲೆ ಒಂದು ಶನಿವಾರ ಬೆಳಗ್ಗೆ ಕೇಂದ್ರ ಬಸ್ ನಿಲ್ದಾಣಕ್ಕೆ ಬನ್ನಿ. ನಾನು ಆ ಮೊದಲ ಶಾಲೆಗೆ, ಹೆಸರಿಲ್ಲದಂತಾದ ದಳದ ಶಾಲೆಗೆ, ಮತ್ತೆ ಹೋಗುವವನಿದ್ದೇನೆ. ಹೊಸ ಮಾಸ್ತರರೊಬ್ಬರು ಬಂದಿದ್ದಾರೆ, ಹುಡುಗರು ಕೇಳುತ್ತಿದ್ದಾರಂತೆ. ಬಿಸಿಲು ಏರುವ ಮೊದಲು ತಲುಪಬೇಕು, ತಲೆಗೊಂದು ಟೋಪಿ ಇರಲಿ, ಶಾಲು ಬೇಡ. ಬಸ್ ಚಾರ್ಜು ನಾನೇ ಕೊಡುತ್ತೇನೆ. ಈ ಸಲಕ್ಕೆ.